ಹಿತ್ತಲ ಕಟ್ಟಿಗೆ ಖೋಲಿ: ಲಕ್ಷಣ ನೋಡಿ ದೋಷ ಹುಡುಕುವುದು ಹೇಗೆ

ಹಿತ್ತಲಲ್ಲಿ ಕಂಬ, ಗೋಡೆ, ನೆಲ ಎಲ್ಲ ಕಟ್ಟಿಗೆಯದೇ ಆದ ಖೋಲಿ ಕಟ್ಟಿಸಿಕೊಂಡವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ತರಹ ಇರುತ್ತವೆ. ಬಾಗಿಲು ಹಿಡಿಯುತ್ತಿದೆ. ನೆಲ ಒಂದು ಕಡೆ ವಾಲಿದೆ. ಮೂಲೆಯಲ್ಲಿ ಹಿಟ್ಟಿನಂಥ ಪುಡಿ ಬೀಳುತ್ತಿದೆ. ಕೊನೆಗೆ ಎಲ್ಲರೂ ಕೇಳುವುದು, ಯಾವ ಔಷಧ ಹಚ್ಚಲಿ ಅಂತ. ನಾನು ಹೇಳುವುದು ಇಷ್ಟೇ: ಔಷಧ ಆಮೇಲೆ. ಮೊದಲು ನೀರು ಎಲ್ಲಿಂದ ಬರುತ್ತಿದೆ, ಎಲ್ಲಿ ನಿಲ್ಲುತ್ತಿದೆ ಅಂತ ಹುಡುಕಿ. ಕಟ್ಟಿಗೆಯ ಒಳಗಿನ ತೇವ ಸುಮಾರು ಶೇ 20ಕ್ಕಿಂತ ಕಡಿಮೆ ಇದ್ದರೆ ಅದನ್ನು ಕೊಳೆಸುವ ಶಿಲೀಂಧ್ರ ಬೆಳೆಯುವುದೇ ಇಲ್ಲ. ಹಳೇ ವಾಡೆಗಳ ಸಾಗವಾನಿ ತೊಲೆಗಳು ತಲೆಮಾರುಗಟ್ಟಲೆ ನಿಂತಿರುವುದು ಬರೀ ಕಟ್ಟಿಗೆಯ ಗಟ್ಟಿತನದಿಂದ ಅಲ್ಲ, ಅವು ಒಣಗಿಯೇ ಉಳಿದಿದ್ದರಿಂದ.

ನಮ್ಮ ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಎರಡು ವಿಷಯ ಜಾಸ್ತಿ ಕಾಡುತ್ತವೆ. ಒಂದು ಎರೆ ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರಿಯುತ್ತದೆ. ಇನ್ನೊಂದು ಹವೆ. ಏಪ್ರಿಲ್-ಮೇ ತಿಂಗಳ ಒಣಗಾಳಿಗೆ ಹಲಗೆ ಕುಗ್ಗುತ್ತದೆ, ಮಿರಗ ಹಿಡಿದ ಮೇಲೆ ಜಿಟಿಜಿಟಿ ಮಳೆಗೆ ಅದೇ ಹಲಗೆ ಹಿಗ್ಗುತ್ತದೆ. ಹಾಗಾಗಿ ಜುಲೈನಲ್ಲಿ ಕಂಡ ದೋಷ ಮಾರ್ಚಿನಲ್ಲೂ ಇದೆಯಾ ಅಂತ ನೋಡದೆ ಗರಗಸ ಎತ್ತಬೇಡಿ.

ಹುಡುಕೋಕೆ ದೊಡ್ಡ ಸಾಮಾನು ಬೇಡ. ಟಾರ್ಚ್, ಚಪ್ಪಟೆ ತುದಿಯ ಸ್ಕ್ರೂಡ್ರೈವರ್, ಟೇಪು, ಪೆನ್ಸಿಲ್, ಸೀಮೆಸುಣ್ಣ, ಗೌಂಡಿಗಳು ಲೆವೆಲ್ ನೋಡೋಕೆ ಬಳಸುವ ನೀರಿನ ಪೈಪು. ಇಷ್ಟಿದ್ದರೆ ಮುಕ್ಕಾಲು ದೋಷ ನಿಮ್ಮ ಕೈಗೇ ಸಿಗುತ್ತವೆ.

ಮುಟ್ಟಿದರೆ ಜುಮ್ ಅನ್ನುತ್ತದೆ, ಮಳೆ ಬಂದರೆ ಕರೆಂಟು ಟ್ರಿಪ್ ಆಗುತ್ತದೆ

ಇದನ್ನು ಮೊದಲಿಗೇ ಇಟ್ಟಿದ್ದೇನೆ. ಉಳಿದ ಎಷ್ಟೋ ದೋಷಗಳಿಗೆ ನಾಲ್ಕು ದಿನ ಕಾಯಬಹುದು, ಇದಕ್ಕೆ ಆಗುವುದಿಲ್ಲ.

ತಗಡಿನ ಛಾವಣಿ, ಕಿಟಕಿ ಸರಳು, ಒದ್ದೆ ಕಂಬ, ಯಾವುದನ್ನು ಮುಟ್ಟಿ ಜುಮ್ ಅಂದರೂ ಮತ್ತೊಮ್ಮೆ ಮುಟ್ಟಿ ಖಾತ್ರಿ ಮಾಡಿಕೊಳ್ಳೋಕೆ ಹೋಗಬೇಡಿ. ಮನೆಯೊಳಗೆ ಹೋಗಿ ಖೋಲಿಯ ಲೈನ್ ಆಫ್ ಮಾಡಿ. ಯಾವ ಸ್ವಿಚ್ ಅಂತ ಗೊತ್ತಿಲ್ಲದಿದ್ದರೆ ಮೇನ್ ಆಫ್ ಮಾಡಿ. ಮಕ್ಕಳು, ದನಕರು ಆ ಕಡೆ ಹೋಗದ ಹಾಗೆ ನೋಡಿಕೊಳ್ಳಿ. ನಿಮ್ಮ ಕೆಲಸ ಅಲ್ಲಿಗೆ ಮುಗಿಯಿತು, ಮುಂದಿನದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಬಿಡಿ.

ಜುಮ್ ಅನ್ನುವುದಿಲ್ಲ, ಮಳೆಯಲ್ಲಿ ಟ್ರಿಪ್ ಮಾತ್ರ ಆಗುತ್ತದೆ ಅಂದರೆ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಒಣ ಕೈಯಿಂದ ಖೋಲಿಯ ಪ್ಲಗ್ ಎಲ್ಲ ತೆಗೆಯಿರಿ, ಟ್ರಿಪ್ ಆಗಿ ಬಿದ್ದ ಸ್ವಿಚ್ ಒಮ್ಮೆ ಮೇಲೆತ್ತಿ. ನಿಂತರೆ ಒಂದೊಂದೇ ಪ್ಲಗ್ ಹಾಕಿ, ಯಾವುದಕ್ಕೆ ಬೀಳುತ್ತದೋ ಆ ವಸ್ತುವಿನಲ್ಲೇ ದೋಷ. ಏನೂ ಹಾಕದೆಯೂ ಬಿದ್ದರೆ ವೈರಿನಲ್ಲೋ ಬಾಕ್ಸಿನಲ್ಲೋ ನೀರು ಸೇರಿದೆ ಅಂತ ಅರ್ಥ. ಮತ್ತೆ ಮತ್ತೆ ಎತ್ತಬೇಡಿ, ಆಫ್ ಇರಲಿ. ಫ್ಯೂಸಿಗೆ ದಪ್ಪ ತಂತಿ ಸುತ್ತುವುದಂತೂ ಬೇಡವೇ ಬೇಡ, ಇದು ಕಟ್ಟಿಗೆಯ ಗೋಡೆ. ಸ್ವಿಚ್ ಬೋರ್ಡ್ ಬೆಚ್ಚಗಾದರೂ, ಕಂದು ಬಣ್ಣಕ್ಕೆ ತಿರುಗಿದರೂ, ಸುಟ್ಟ ವಾಸನೆ ಬಂದರೂ ಇದೇ ಮಾತು. ಖೋಲಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಮತ್ತು ಸರಿಯಾದ ಅರ್ಥಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಬಂದಾಗಲೇ ಕೇಳಿಬಿಡಿ. ಕ್ಯಾಲೆಂಡರ್ ತೂಗುಹಾಕಲು ಹೊಡೆದ ಮೊಳೆ ವೈರಿಗೆ ತಾಗುವುದು, ಇಲಿ ವೈರ್ ಕಡಿಯುವುದು ಇಂಥ ಖೋಲಿಗಳಲ್ಲಿ ಇದ್ದದ್ದೇ. ಅದಕ್ಕೇ ವೈರ್ ಎಲ್ಲ ಪೈಪಿನೊಳಗೆ, ಕಣ್ಣಿಗೆ ಕಾಣುವ ಹಾಗೆ ಹೋಗಿದ್ದರೆ ಒಳ್ಳೆಯದು.

ಬಾಗಿಲು ಹಿಡಿಯುತ್ತದೆ

"ರೀ, ಬಾಗ್ಲಾ ಹಿಡ್ಯಾಕತ್ತೈತ್ರಿ, ರಂದಾ ಹೊಡಸಲೇನ್ರಿ?" ಆರಿದ್ರಾ ಮಳೆ ಶುರುವಾದ ಮೇಲೆ ನಾನು ಅತಿ ಹೆಚ್ಚು ಕೇಳುವ ಮಾತು ಇದು. ಬೇಡ. ಮಳೆಗಾಲದಲ್ಲಿ ರಂದಾ ಹೊಡೆದ ಬಾಗಿಲು ಬೇಸಿಗೆಗೆ ಕುಗ್ಗುತ್ತದೆ, ಆಗ ಸಂದಿನಲ್ಲಿ ಹಲ್ಲಿ ಓಡಾಡುತ್ತದೆ. ಕೆತ್ತಿ ತೆಗೆದ ಕಟ್ಟಿಗೆ ವಾಪಸ್ ಅಂಟಿಸೋಕೆ ಬರುವುದಿಲ್ಲ ಅಲ್ವಾ?

ಮೊದಲು ಬಿಜಾಗರಿ ನೋಡಿ. ಬಾಗಿಲನ್ನು ಅರ್ಧ ತೆರೆದು ಹಿಡಿಕೆ ಹಿಡಿದು ಮೇಲೆ ಎತ್ತಿ. ಅಲ್ಲಾಡಿದರೆ ಮೇಲಿನ ಬಿಜಾಗರಿಯ ಸ್ಕ್ರೂ ಸಡಿಲವಾಗಿದೆ. ಬಾಗಿಲಿನ ಎಳೆತ ಎಲ್ಲ ಅದರ ಮೇಲೇ ಬೀಳುವುದರಿಂದ ಅದೇ ಮೊದಲು ಸಡಿಲಾಗುತ್ತದೆ. ಸ್ಕ್ರೂ ತೆಗೆದು, ತೂತಿಗೆ ಬಿದಿರಿನ ಸಣ್ಣ ಕಡ್ಡಿಗಳನ್ನು ಫೆವಿಕಾಲ್ ಹಚ್ಚಿ ಬಿಗಿಯಾಗಿ ತುಂಬಿ, ಒಣಗಿದ ಮೇಲೆ ಸ್ವಲ್ಪ ಉದ್ದದ ಸ್ಕ್ರೂ ಹಾಕಿ. ಖರ್ಚು ಹತ್ತಿಪ್ಪತ್ತು ರೂಪಾಯಿ, ಎಷ್ಟೋ ಸಲ ಇಷ್ಟಕ್ಕೇ ಮುಗಿಯುತ್ತದೆ.

ಬಿಜಾಗರಿ ಗಟ್ಟಿ ಇದ್ದರೆ ಬಾಗಿಲಿನ ಅಂಚಿಗೆ ಸೀಮೆಸುಣ್ಣ ಸವರಿ ಮುಚ್ಚಿ ತೆರೆಯಿರಿ. ಸುಣ್ಣ ಚೌಕಟ್ಟಿಗೆ ಎಲ್ಲಿ ಅಂಟಿದೆ ನೋಡಿ. ಮೇಲಿಂದ ಕೆಳಗಿನವರೆಗೆ ಒಂದೇ ಸಮನಾಗಿ ಅಂಟಿದ್ದರೆ ಕಟ್ಟಿಗೆ ಹಿಗ್ಗಿದೆ. ಒಂದು ಮೂಲೆಯಲ್ಲಿ ಮಾತ್ರ ಅಂಟಿ, ಎದುರಿನ ಮೂಲೆಯಲ್ಲಿ ಸಂದು ಅಗಲವಾಗಿದ್ದರೆ ಬಾಗಿಲಿನ ತಪ್ಪಿಲ್ಲ, ಚೌಕಟ್ಟೇ ಓರೆಯಾಗಿದೆ.

ಹಿಗ್ಗಿದ್ದಕ್ಕೆ ಮದ್ದು ಸುಲಭ. ಅಂಚಿಗೆ ಮೇಣದಬತ್ತಿ ಉಜ್ಜಿ ಮಳೆಗಾಲ ಕಳೆಯಿರಿ. ದೀಪಾವಳಿ ಮುಗಿದು ಬಾಗಿಲು ಒಣಗಿದ ಮೇಲೆ ಅದನ್ನು ಕಳಚಿ, ತಲೆಯ ಅಂಚು ಮತ್ತು ಪಾದದ ಅಂಚು ನೋಡಿ. ಅಲ್ಲಿ ಬಣ್ಣವೋ ಎಣ್ಣೆಯೋ ಹಚ್ಚಿಯೇ ಇರುವುದಿಲ್ಲ! ನಿಂತಾಗ ಕಣ್ಣಿಗೆ ಕಾಣದ ಜಾಗ ಅದು, ಆದರೆ ಕಟ್ಟಿಗೆಯ ನಾರಿನ ಬಾಯಿ ಅಲ್ಲೇ ತೆರೆದಿರುತ್ತದೆ, ನೀರು ಅಲ್ಲಿಂದಲೇ ಒಳಗೆ ಹೋಗುತ್ತದೆ. ಆ ಎರಡು ಅಂಚುಗಳಿಗೆ ಅಗಸೆ ಎಣ್ಣೆಯನ್ನೋ ಬಣ್ಣವನ್ನೋ ಎರಡು ಮೂರು ಸಲ ಕುಡಿಸಿ. ಮುಂದಿನ ಮಳೆಗಾಲಕ್ಕೂ ಹಿಡಿದರೆ ಆಗ, ಅದೂ ಸುಣ್ಣ ಅಂಟಿದ ಕಡೆ ಮಾತ್ರ, ಸ್ವಲ್ಪ ರಂದಾ ಹೊಡೆಸಿ.

ಅಗಸೆ ಎಣ್ಣೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ತಾನೇ ಬಿಸಿಯಾಗಿ, ಕಿಡಿಯಿಲ್ಲದೆಯೂ ಬೆಂಕಿ ಹತ್ತುತ್ತದೆ. ಹೊರಗೆ ಬಯಲಲ್ಲಿ ಬಿಡಿಸಿ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಹಾಕಿಡಿ.

ಚೌಕಟ್ಟು ಓರೆಯಾಗಿದ್ದರೆ ಅದರ ಎರಡು ಕರ್ಣಗಳನ್ನು ಟೇಪಿನಿಂದ ಅಳೆಯಿರಿ, ಮೇಲಿನ ಎಡ ಮೂಲೆಯಿಂದ ಕೆಳಗಿನ ಬಲ ಮೂಲೆಗೆ, ಆಮೇಲೆ ಇನ್ನೊಂದು. ಎರಡೂ ಸಮ ಇರಬೇಕು. ವ್ಯತ್ಯಾಸ ಇದ್ದರೆ ಅಳತೆಯನ್ನು ತಾರೀಖು ಸಹಿತ ಚೌಕಟ್ಟಿನ ಮೇಲೇ ಪೆನ್ಸಿಲಿನಲ್ಲಿ ಬರೆದಿಟ್ಟು ನೆಲದ ಕಡೆ ಬನ್ನಿ.

ನೆಲ ವಾಲಿದೆ, ನಡೆದರೆ ಕುಣಿಯುತ್ತದೆ

ಇವು ಎರಡು ಬೇರೆ ದೋಷಗಳು. ಕುಣಿಯುವುದು ಅಂದರೆ ಹಲಗೆಯೋ ಕೆಳಗಿನ ಜಂತಿಯೋ ಸಡಿಲವಾಗಿದೆ. ವಾಲುವುದು ಅಂದರೆ ಕಂಬ ಅಥವಾ ಅದರ ಕೆಳಗಿನ ಕಲ್ಲು ಸರಿದಿದೆ.

ಕುಣಿಯುವ ಜಾಗದಲ್ಲಿ ಒಬ್ಬರು ನಿಂತು ಕಾಲು ಒತ್ತಲಿ, ಇನ್ನೊಬ್ಬರು ಟಾರ್ಚ್ ಹಿಡಿದು ಹೊರಗಿನಿಂದ ಕೆಳಗೆ ನೋಡಲಿ. ಸುಮ್ನೆ ಕೈ ಹಾಕಬೇಡಿ. ಖೋಲಿಯ ಕೆಳಗಿನ ತಂಪು ಕತ್ತಲೆ ಹಾವು, ಚೇಳಿಗೆ ಬಹಳ ಇಷ್ಟದ ಜಾಗ. ಮೊದಲು ಕೋಲು ಆಡಿಸಿ. ಸ್ಕ್ರೂ ಎದ್ದಿದ್ದರೆ ಬಿಗಿ ಮಾಡಿ, ಜಂತಿ ಮೆತ್ತಗಾಗಿದ್ದರೆ ಮುಂದೆ ಬರುವ "ಮೆತ್ತಗಾದ ಕಟ್ಟಿಗೆ" ಭಾಗ ಓದಿ.

ವಾಲಿದ್ದರೆ ನೀರಿನ ಪೈಪು ತಂದು ನಾಲ್ಕೂ ಮೂಲೆಯ ಮಟ್ಟ ನೋಡಿ, ಪ್ರತಿ ಕಂಬದ ಮೇಲೆ ಗೆರೆ ಎಳೆದು ತಾರೀಖು ಬರೆಯಿರಿ. ಮೇ ಕೊನೆಯಲ್ಲಿ ಒಮ್ಮೆ, ಸೆಪ್ಟೆಂಬರಿನಲ್ಲಿ ಒಮ್ಮೆ. ವಾಲಿದ್ದು ಮಳೆಗಾಲದಲ್ಲಿ ಎದ್ದು ಬೇಸಿಗೆಯಲ್ಲಿ ಇಳಿದರೆ ಅದು ಎರೆ ಮಣ್ಣಿನ ಉಸಿರಾಟ. ಒಂದೇ ದಿಕ್ಕಿಗೆ ಇಳಿಯುತ್ತಲೇ ಹೋದರೆ ಕಂಬದ ಬುಡ ಕೊಳೆತಿದೆ, ಇಲ್ಲವೇ ನೀರು ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತಿದೆ.

ಹಗುರ ಖೋಲಿಯಾದರೆ ಎರೆ ಮಣ್ಣಿನ ತೊಂದರೆ ಕಡಿಮೆ ಅಂತ ಬಹಳ ಜನ ತಿಳಿಯುತ್ತಾರೆ. ನಿಜ ತಿರುವುಮುರುವು. ಭಾರದ ಮನೆ ಉಬ್ಬುವ ಮಣ್ಣನ್ನು ಸ್ವಲ್ಪವಾದರೂ ಅದುಮಿ ಹಿಡಿಯುತ್ತದೆ, ಹಗುರ ಖೋಲಿಯನ್ನು ಮಣ್ಣು ಸುಲಭವಾಗಿ ಎತ್ತುತ್ತದೆ. ಆದರೆ ಕಟ್ಟಿಗೆಗೆ ಬಾಗಿ ಬಳುಕುವ ಗುಣ ಇದೆ, ಇಟ್ಟಿಗೆ ಗೋಡೆಯ ಹಾಗೆ ಒಡೆಯುವುದಿಲ್ಲ. ಹಾಗಾಗಿ ಸ್ವಲ್ಪ ಏರಿಳಿತಕ್ಕೆ ಹೆದರುವ ಕಾರಣ ಇಲ್ಲ. ಮಾಡಬೇಕಾದದ್ದು ಮಣ್ಣಿನ ತೇವ ವರ್ಷವಿಡೀ ಆದಷ್ಟು ಒಂದೇ ಸಮ ಇರುವ ಹಾಗೆ ನೋಡಿಕೊಳ್ಳುವುದು.

ಖೋಲಿಯ ಸುತ್ತ ಒಮ್ಮೆ ನಡೆದು ನೋಡಿ. ಬಚ್ಚಲ ನೀರು ಒಂದು ಮೂಲೆಗೆ ಬರುತ್ತಿದೆಯಾ? ಒಂದು ಪಕ್ಕಕ್ಕೆ ಮಾತ್ರ ಬಾಳೆ ಗಿಡ ಇಟ್ಟು ದಿನಾ ನೀರು ಬಿಡುತ್ತಿದ್ದೀರಾ? ಛಾವಣಿಯ ನೀರು ನೇರ ಕಂಬದ ಬುಡಕ್ಕೆ ಬೀಳುತ್ತಿದೆಯಾ? ದೊಡ್ಡ ಮರ ಹತ್ತಿರ ಇದ್ದು ಬೇಸಿಗೆಯಲ್ಲಿ ಆ ಮೂಲೆಯ ತೇವ ಎಳೆಯುತ್ತಿದೆಯಾ? ಇವನ್ನು ಸರಿ ಮಾಡಲು ದುಡ್ಡು ಬೇಕಿಲ್ಲ, ಒಂದು ಸಲಿಕೆ ಸಾಕು. ಸುತ್ತಲಿನ ಎರೆ ಮಣ್ಣನ್ನು ಒಂದು ಅಡಿ ತೆಗೆದು ಗರಸು ತುಂಬಿ, ಗಟ್ಟಿಯಾಗಿ ಬಡಿದು, ಖೋಲಿಯಿಂದ ಹೊರಕ್ಕೆ ಒಂದು ಮೀಟರಿಗೆ 5 ಸೆಂ.ಮೀ. ಇಳಿಜಾರು ಕೊಡಿ. ಧಾರವಾಡದ ಪಶ್ಚಿಮಕ್ಕೆ ಕೆಂಪು ಮಣ್ಣು ಇರುವ ಹಿತ್ತಲುಗಳಲ್ಲಿ ಈ ಕಾಟ ಕಡಿಮೆ. ನವಲಗುಂದ, ಗದಗ ಕಡೆಯ ಎರೆ ಸೀಮೆಯವರು ಇದನ್ನು ಪ್ರತಿ ವರ್ಷದ ಕೆಲಸ ಅಂತಲೇ ಇಟ್ಟುಕೊಳ್ಳಿ.

ಇಷ್ಟಾದ ಮೇಲೂ ಒಂದು ಕಂಬ ತಗ್ಗಿನಲ್ಲೇ ಇದ್ದರೆ ಅದನ್ನು ಜಾಕಿನಿಂದ ಎತ್ತಿ ಕೆಳಗೆ ಕಲ್ಲಿನ ಬಿಲ್ಲೆಯನ್ನೋ ಉಕ್ಕಿನ ತಟ್ಟೆಯನ್ನೋ ಕೊಡಬಹುದು. ಬರೀ ನೆಲ ಹೊತ್ತ ಕಂಬವಾದರೆ ಅನುಭವ ಇದ್ದವರನ್ನು ಜೊತೆಗಿಟ್ಟುಕೊಂಡು, ಒಂದು ಸಲಕ್ಕೆ ಎರಡು ಮೂರು ಮಿ.ಮೀ. ಮಾತ್ರ ಎತ್ತಿ. ಜಾಕ್ ಕೆಳಗೆ ಕೈ, ತಲೆ ಹಾಕಬೇಡಿ. ಛಾವಣಿ ಹೊತ್ತ ಕಂಬವಾದರೆ ನೀವು ಮುಟ್ಟಬೇಡಿ, ಬಡಿಗೇರರನ್ನು ಕರೆಯಿರಿ. ಅಳತೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಲೇ ಇದ್ದರೆ ಸಿವಿಲ್ ಎಂಜಿನಿಯರ್‌ಗೆ ಪಾಯ ತೋರಿಸಿ. ಎರೆ ಮಣ್ಣಿನಲ್ಲಿ ಋತುವಿನ ಏರಿಳಿತ ಮೂರು ಮೂರೂವರೆ ಮೀಟರ್ ಆಳದವರೆಗೂ ಇರಬಹುದು. ಅದಕ್ಕೇ ಮನೆಗಳಿಗೆ ಅಂಡರ್ ರೀಮ್ಡ್ ಪೈಲ್, ಅಂದರೆ ಆಳಕ್ಕೆ ಇಳಿಸಿದ, ಬುಡ ಅಗಲಿಸಿದ ಕಾಂಕ್ರೀಟ್ ಕಂಬ ಹಾಕುತ್ತಾರೆ. ಸಣ್ಣ ಖೋಲಿಗೆ ಅಷ್ಟು ಬೇಕಾ ಬೇಡವಾ ಅನ್ನುವುದು ಜಾಗ ನೋಡಿ ಹೇಳುವ ಮಾತು.

ಮೇಲಿಂದ ನೀರು ಹನಿಯುತ್ತದೆ

ಮಳೆ ಇಲ್ಲದೆಯೂ ಹನಿಯುತ್ತದೆಯಾ? ಡಿಸೆಂಬರ್-ಜನವರಿಯ ಬೆಳಗಿನ ಜಾವ, ಆಕಾಶ ತಿಳಿಯಾಗಿದ್ದ ರಾತ್ರಿ ಕಳೆದ ಮೇಲೆ, ತಗಡಿನ ಒಳಮೈ ತುಂಬ ಹನಿ ಕೂತಿದ್ದರೆ ಅದು ಸೋರಿಕೆ ಅಲ್ಲ. ಖೋಲಿಯೊಳಗಿನ ಬೆಚ್ಚಗಿನ ತೇವದ ಗಾಳಿ ತಣ್ಣನೆ ತಗಡಿಗೆ ತಾಗಿ ನೀರಾಗಿದೆ. ಎಂ-ಸೀಲ್, ಡಾಂಬರು ಏನು ಮೆತ್ತಿದರೂ ಇದು ನಿಲ್ಲುವುದಿಲ್ಲ. ಸೂರಿನ ಕೆಳಗೆ ಮತ್ತು ಮೇಲಿನ ತುದಿಯಲ್ಲಿ ಗಾಳಿ ಹೋಗಿಬರಲು ಜಾಗ ಬಿಡಿ, ಸಣ್ಣ ಜಾಳಿಗೆ ಹಾಕಿ. ತಗಡಿನ ಕೆಳಗೆ ಒಂದು ಪದರ ಇದ್ದರೆ ಹನಿಯೂ ನಿಲ್ಲುತ್ತದೆ, ಬೇಸಿಗೆಯ ಕಾವೂ ತಗ್ಗುತ್ತದೆ. ಬಿದಿರಿನ ತಟ್ಟಿಯಾದರೂ ಸರಿ, ಆದರೆ ತಗಡಿಗೂ ಅದಕ್ಕೂ ನಡುವೆ ಗಾಳಿಯಾಡಲಿ.

ಮಳೆಯಲ್ಲಿ ಒಂದೇ ಜಾಗಕ್ಕೆ ಬಿದ್ದರೆ ಸೋರಿಕೆ. ಹನಿ ಬೀಳುವ ಜಾಗದ ನೇರ ಮೇಲೆ ತೂತು ಹುಡುಕಬೇಡಿ. ನೀರು ಜಂತಿಯ ಮೇಲೆ ಜಾರಿಕೊಂಡು ಬರುತ್ತದೆ, ಬಾಯಿ ಇನ್ನೂ ಮೇಲೆ ಎಲ್ಲೋ ಇರುತ್ತದೆ. ನೆಲದ ಮೇಲೆ ನಿಂತೇ ಮೊದಲು ನೋಡಿ. ಛಾವಣಿಯ ನೀರು ಹರಿದುಹೋಗುವ ದೋಣಿಯಲ್ಲಿ ಬೇವಿನ ಎಲೆ, ಹುಣಸೆ ಎಲೆ ಕಟ್ಟಿಕೊಂಡಿದೆಯಾ? ಮಂಗ ಹಾರಿ ಹಂಚು ಸರಿಸಿದೆಯಾ? ಧಾರವಾಡದವರಿಗೆ ಇದು ಹೊಸದಲ್ಲ. ಆಮೇಲೆ ತಗಡಿನ ಸ್ಕ್ರೂಗಳ ರಬ್ಬರ್ ವಾಷರ್. ಬಿಸಿಲಿಗೆ ಅದು ಗಟ್ಟಿಯಾಗಿ ಬಿರಿಯುತ್ತದೆ. ವಾಷರ್ ಬದಲಿಸಿದರೆ ಸಾಕು, ತಗಡು ಬದಲಿಸಬೇಕಿಲ್ಲ. ಮುಂಗಾರಿನ ಗಾಳಿ ನಮ್ಮಲ್ಲಿ ಪಶ್ಚಿಮ, ನೈಋತ್ಯದಿಂದ ಬೀಸುವುದರಿಂದ ತಗಡಿನ ಸೇರುವ ಅಂಚು ಆ ಕಡೆಗೆ ಬಾಯಿ ತೆರೆದಿದ್ದರೆ ನೀರು ಒಳಗೆ ನುಗ್ಗುತ್ತದೆ.

ಇನ್ನೂ ಸಿಗದಿದ್ದರೆ ಮಳೆಯಿಲ್ಲದ ದಿನ, ಖೋಲಿಯ ಕರೆಂಟು ಆಫ್ ಮಾಡಿ ಪೈಪಿನಿಂದ ನೀರು ಬಿಡಿ. ಕೆಳಗಿನ ಅಂಚಿನಿಂದ ಶುರು ಮಾಡಿ ನಿಧಾನಕ್ಕೆ ಮೇಲೆ ಹೋಗಿ, ಒಂದೊಂದು ಜಾಗಕ್ಕೂ ಹತ್ತು ನಿಮಿಷ ಕೊಡಿ. ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂತಿರಲಿ. ಒದ್ದೆ ಛಾವಣಿ ಹತ್ತಬೇಡಿ. ಸಿಮೆಂಟ್ ಶೀಟು, ಫೈಬರ್ ಶೀಟಿನ ಮೇಲಂತೂ ಕಾಲೇ ಇಡಬೇಡಿ, ಗಟ್ಟಿ ಕಂಡರೂ ಒಮ್ಮೆಲೇ ಒಡೆಯುತ್ತವೆ. ಸಿಮೆಂಟ್ ಶೀಟಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಕೊಯ್ಯುವುದು, ತೂತು ಕೊರೆಯುವುದು, ಉಜ್ಜುವುದು ಬೇಡ, ಆ ಧೂಳು ಪುಪ್ಪುಸಕ್ಕೆ ಹೋದರೆ ವಾಪಸ್ ಬರುವುದಿಲ್ಲ.

ಕಪ್ಪು ಕಲೆ, ಬೂಷ್ಟು, ಮೆತ್ತಗಾದ ಕಟ್ಟಿಗೆ

ಮೂರೂ ನೋಡೋಕೆ ಕಪ್ಪೇ, ಆದರೆ ಅರ್ಥ ಬೇರೆ ಬೇರೆ.

ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುವುದು ಬೂಷ್ಟು. ಅದು ಕಟ್ಟಿಗೆ ತಿನ್ನುವುದಿಲ್ಲ, ಆದರೆ ಇಲ್ಲಿ ಗಾಳಿಯಾಡುತ್ತಿಲ್ಲ ಅಂತ ಹೇಳುತ್ತದೆ. ಸಾಬೂನಿನ ನೀರಿನಿಂದ ತೊಳೆದು ಕಿಟಕಿ ತೆಗೆದಿಡಿ, ಗೋಡೆಗೆ ಒತ್ತಿಟ್ಟ ಕಪಾಟನ್ನು ನಾಲ್ಕು ಬೆರಳು ಮುಂದಕ್ಕೆ ಎಳೆಯಿರಿ. ಮೊಳೆ, ಸ್ಕ್ರೂ ಸುತ್ತ ನೀಲಿಗಪ್ಪು ಇಳಿದಿದ್ದರೆ ಅದು ಕಟ್ಟಿಗೆಯ ಒಗರಿಗೆ ಕಬ್ಬಿಣ ಸೇರಿ ಆದ ಬಣ್ಣ. ಜಾಲಿ, ಮತ್ತಿಯಂಥ ಒಗರು ಜಾಸ್ತಿ ಇರುವ ಕಟ್ಟಿಗೆಯಲ್ಲಿ ಹೆಚ್ಚು ಕಾಣುತ್ತದೆ. ಅದೊಂದೇ ಆದರೆ ಅಪಾಯ ಇಲ್ಲ, ಮುಂದಿನ ಸಲ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಬಳಸಿ.

ಒರೆಸಿದರೂ ಹೋಗದ, ಮುಟ್ಟಿದರೆ ತಣ್ಣಗೆ ಅನ್ನಿಸುವ ಕಪ್ಪನ್ನು ಮಾತ್ರ ಬಿಡಬೇಡಿ. ಸ್ಕ್ರೂಡ್ರೈವರ್ ತುದಿಯನ್ನು ಒತ್ತಿ, ಸ್ವಲ್ಪ ಮೇಲೆ ಮೀಟಿ. ಗಟ್ಟಿ ಕಟ್ಟಿಗೆಯಾದರೆ ಉದ್ದ ಸಿಬಿರು ಏಳುತ್ತದೆ, ಚಟ್ ಅಂತ ಸದ್ದು ಬರುತ್ತದೆ. ಕೊಳೆತದ್ದಾದರೆ ಸದ್ದಿಲ್ಲದೆ ತುಂಡು ತುಂಡಾಗಿ ಅಡ್ಡಕ್ಕೆ ಮುರಿಯುತ್ತದೆ. ಕಂಬದ ಬುಡ, ಕಿಟಕಿಯ ಕೆಳಪಟ್ಟಿ, ಹೊಸ್ತಿಲು, ಅಡ್ಡಪಟ್ಟಿ ಕಂಬಕ್ಕೆ ಸೇರುವ ಜಾಗ, ಇವನ್ನೆಲ್ಲ ಹೀಗೆ ನೋಡಿ. ಮಳೆ ನೆಲಕ್ಕೆ ಬಡಿದು ಸಿಡಿಯುವ ನೀರು ಒಂದು ಅಡಿ ಎತ್ತರದವರೆಗೂ ಗೋಡೆಗೆ ಹೊಡೆಯುತ್ತದೆ. ಹೊಸದಾಗಿ ಕಟ್ಟಿಸುವವರಿಗೆ ಸೂರು ಎರಡು ಅಡಿ ಮುಂದಕ್ಕೆ ಚಾಚಲಿ, ಕಟ್ಟಿಗೆ ನೆಲದಿಂದ ಒಂದು ಅಡಿ ಮೇಲೆ ಇರಲಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಕಂಬವನ್ನು ಕಾಂಕ್ರೀಟಿನಲ್ಲಿ ಹೂತಿಟ್ಟಿದ್ದರೆ ಮೊದಲು ಅದನ್ನೇ ಅನುಮಾನಿಸಿ. ಗಟ್ಟಿಯಾಗಲಿ ಅಂತ ಮಾಡುತ್ತಾರೆ, ಆದರೆ ಕಟ್ಟಿಗೆ ಕುಗ್ಗಿದಾಗ ಸುತ್ತ ಕೂದಲೆಳೆಯ ಸಂದು ಬೀಳುತ್ತದೆ, ನೀರು ಅದರೊಳಗೆ ಇಳಿದು ಹೊರಬರಲು ದಾರಿ ಇಲ್ಲದೆ ಅಲ್ಲೇ ನಿಲ್ಲುತ್ತದೆ. ಕಾಂಕ್ರೀಟು ಕಂಬಕ್ಕೆ ತೊಡಿಸಿದ ನೀರಿನ ಬಟ್ಟಲಾಗುತ್ತದೆ. ಬುಡಕ್ಕೆ ಡಾಂಬರು ಬಳಿದರೂ ಕಥೆ ಅದೇ. ಸರಿಯಾದ ದಾರಿ ಅಂದರೆ ಕೊಳೆತ ಭಾಗವನ್ನು, ಅದರ ಮೇಲಿನ ಒಂದು ಅಡಿ ಚೆನ್ನಾಗಿ ಕಾಣುವ ಕಟ್ಟಿಗೆ ಸಹಿತ ಕೊಯ್ದು, ಹೊಸ ತುಂಡು ಜೋಡಿಸಿ, ಉಕ್ಕಿನ ಪಾದದ ಮೇಲೆ ನೆಲಕ್ಕೆ ತಾಗದ ಹಾಗೆ ನಿಲ್ಲಿಸುವುದು. ಛಾವಣಿಗೆ ಆಸರೆ ಕೊಟ್ಟುಕೊಂಡೇ ಮಾಡಬೇಕಾದ ಕೆಲಸ ಇದು. ಸ್ಕ್ರೂಡ್ರೈವರ್ ಕಂಬದೊಳಗೆ ಒಂದು ಅಂಗುಲ ಸಲೀಸಾಗಿ ಇಳಿದರೆ ಖೋಲಿಯಲ್ಲಿ ಮಲಗುವುದು ನಿಲ್ಲಿಸಿ, ಬಡಿಗೇರರು ಬರುವವರೆಗೆ ಮಕ್ಕಳನ್ನು ಒಳಗೆ ಬಿಡಬೇಡಿ.

ಹಳೇ ಎಂಜಿನ್ ಆಯಿಲ್ ಬಳಿಯುವ ರೂಢಿ ನಮ್ಮಲ್ಲಿ ಇನ್ನೂ ಇದೆ. ದಯವಿಟ್ಟು ಬಿಡಿ. ಮಳೆಗೆ ತೊಳೆದು ಮಣ್ಣಿಗೆ, ಬಾವಿಗೆ ಇಳಿಯುತ್ತದೆ. ಹಿತ್ತಲಲ್ಲಿ ಮೆಂತ್ಯೆ, ರಾಜಗಿರಿ ಬೆಳೆದು ತಿನ್ನುವವರು ನಾವೇ ತಾನೇ?

ಮಣ್ಣಿನ ಗೆರೆ, ಹಿಟ್ಟಿನಂಥ ಪುಡಿ, ತೂತು

ಕಲ್ಲಿನ ಮೇಲಿಂದ ಕಂಬಕ್ಕೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಹತ್ತಿದ್ದರೆ ಗೆದ್ದಲು. ಪೂರ್ತಿ ಕೆರೆಯಬೇಡಿ. ನಡುವೆ ಎರಡು ಬೆರಳು ಅಗಲ ಒಡೆದು, ನಾಲ್ಕಾರು ದಿನ ಬಿಟ್ಟು ನೋಡಿ. ಮತ್ತೆ ಕಟ್ಟಿದ್ದರೆ ಒಳಗೆ ಓಡಾಟ ಇದೆ, ಇಲ್ಲದಿದ್ದರೆ ಹಳೇ ದಾರಿ. ಕಟ್ಟಿಗೆಯ ಮೇಲೆ ಬೆರಳಿನಿಂದ ತಟ್ಟಿ, ಟೊಳ್ಳು ಸದ್ದು ಎಲ್ಲಿಯವರೆಗೆ ಹೋಗಿದೆ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಮೊದಲ ಮಳೆಗೆ ದೀಪಕ್ಕೆ ಬರುವ ರೆಕ್ಕೆ ಹುಳ ಕಂಡ ಕೂಡಲೇ ಗಾಬರಿ ಬೇಡ, ಅವು ಹೊರಗಿನಿಂದಲೂ ಬರುತ್ತವೆ. ನಿಮ್ಮ ನೆಲದ ಸಂದಿನಿಂದಲೇ ಏಳುತ್ತಿದ್ದರೆ ಮಾತು ಬೇರೆ.

ಬಹಳ ಕಡೆ ಗೆದ್ದಲಿಗೆ ದಾರಿ ಮಾಡಿಕೊಡುವುದು ನಾವೇ. ಗೋಡೆಗೆ ಒರಗಿಸಿದ ಹತ್ತಿಕಟ್ಟಿಗೆ, ಒಲೆಗೆ ಅಂತ ಒಟ್ಟಿದ ಉರುವಲು, ರಟ್ಟಿನ ಡಬ್ಬಿ, ಖೋಲಿ ಕಟ್ಟುವಾಗ ನೆಲದಡಿ ಬಿಟ್ಟ ಕಟ್ಟಿಗೆ ಚೂರು. ಇವನ್ನೆಲ್ಲ ತೆಗೆದು, ಖೋಲಿಯ ಕೆಳಗೆ ಟಾರ್ಚ್ ಬಿಟ್ಟು ನೋಡುವಷ್ಟು ಜಾಗ ತೆರವು ಮಾಡಿ. ಕಲ್ಲಿಗೂ ಕಂಬಕ್ಕೂ ನಡುವೆ ಅಂಚು ಬಗ್ಗಿಸಿದ ತಗಡು ಕೊಟ್ಟರೆ ಗೆದ್ದಲು ಪೂರ್ತಿ ನಿಲ್ಲುವುದಿಲ್ಲ, ಆದರೆ ಕದ್ದು ಹತ್ತೋಕೆ ಆಗದೆ ಹೊರಗೆ ಬಂದು ಕಣ್ಣಿಗೆ ಬೀಳುತ್ತದೆ. ಓಡಾಟ ನಿಲ್ಲದಿದ್ದರೆ ಲೈಸೆನ್ಸ್ ಇರುವವರಿಂದ ಮಣ್ಣಿಗೆ ಔಷಧ ಹಾಕಿಸಿ. ಕಟ್ಟಿ ಮುಗಿದ ಮನೆಗಳಿಗೆ ಐಎಸ್ 6313ರ ಮೂರನೇ ಭಾಗ ಅಂತ ಭಾರತೀಯ ಮಾನಕವೇ ಇದೆ, ಅದರ ಪ್ರಕಾರ ಮಾಡುತ್ತೀರಾ ಅಂತ ಕೇಳಿ. ಬಾವಿ, ಬೋರ್‌ವೆಲ್, ಕಾಯಿಪಲ್ಲೆ ಮಡಿ ಎಲ್ಲಿವೆ ಅಂತ ಮೊದಲೇ ತೋರಿಸಿ.

ಸಣ್ಣ ಗುಂಡುಸೂಜಿಯಂಥ ತೂತು, ಕೆಳಗೆ ಪೌಡರಿನ ಹಾಗೆ ನುಣ್ಣನೆ ಪುಡಿ ಇದ್ದರೆ ಅದು ಕಟ್ಟಿಗೆ ಕೊರೆಯುವ ಹುಳ. ಇದಕ್ಕೆ ಬೇಕಾದದ್ದು ಹೊರಗಿನ ಬಿಳಿ ಕಟ್ಟಿಗೆಯಲ್ಲಿರುವ ಪಿಷ್ಟ, ಒಳಗಿನ ಬಲಿತ ಚೇಗಿಗೆ ಅದು ಹೋಗುವುದಿಲ್ಲ. ಪುಡಿ ಗುಡಿಸಿ, ತೂತುಗಳ ಮೇಲೆ ಕಾಗದ ಅಂಟಿಸಿ. ಕೆಲವು ವಾರಗಳಲ್ಲಿ ಕಾಗದ ತೂತಾದರೆ, ಹೊಸ ಪುಡಿ ಬಿದ್ದರೆ ಹುಳ ಇನ್ನೂ ಇದೆ. ಬಣ್ಣ ಇಲ್ಲದ, ಮಳೆ ತಾಗದ ಒಳಗಿನ ಕಟ್ಟಿಗೆಗೆ ಬೋರಿಕ್ ಆಸಿಡ್ ಮತ್ತು ಬೋರಾಕ್ಸ್ ಒಂದಕ್ಕೆ ಒಂದೂವರೆ ಪಾಲು ಸೇರಿಸಿದ ಶೇ 5ರ ದ್ರಾವಣವನ್ನು ಕೈಗವಸು ಹಾಕಿಕೊಂಡು ಬಳಿಯಬಹುದು. ಹೊರಗಿನ ಗೋಡೆಗೆ ಬಳಿದರೆ ಮಳೆಗೆ ತೊಳೆದು ಹೋಗುತ್ತದೆ, ದಂಡ. ಮಕ್ಕಳಿಗೆ, ದನಕ್ಕೆ ಸಿಗದ ಹಾಗೆ ಇಡಿ.

ಕಿರುಬೆರಳು ಹೋಗುವಷ್ಟು ದುಂಡನೆ ತೂತು ಅಂದರೆ ಕರಿ ದುಂಬಿ. ತೊಗರಿ ಹೂವಿಗೆ ಬರುವ ದುಂಬಿ ಅದು, ಕೊಲ್ಲಬೇಡಿ. ಅದು ಹೊರಟ ಮೇಲೆ ಕಟ್ಟಿಗೆಯ ಬಿರಡೆ ಬಡಿದು ಎಣ್ಣೆ ಹಚ್ಚಿ. ಒಣಗಿದ ಬಿದಿರಿನ ತುಂಡೊಂದನ್ನು ದೂರದಲ್ಲಿ ಕಟ್ಟಿದರೆ ಅಲ್ಲಿ ಗೂಡು ಮಾಡಿಕೊಳ್ಳಬಹುದು.

ಇನ್ನೊಂದು ಮಾತು, ಇದನ್ನು ಬಹಳ ಗಂಭೀರವಾಗಿ ಹೇಳುತ್ತಿದ್ದೇನೆ. ಜೋಳ, ಕಡಲೆ ಚೀಲಕ್ಕೆ ಇಡುವ ಹುಳದ ಮಾತ್ರೆಯನ್ನು ಖೋಲಿಯಲ್ಲಿ ಇಟ್ಟು ಬಾಗಿಲು ಮುಚ್ಚುವ ಯೋಚನೆ ಮಾಡಬೇಡಿ. ಗಾಳಿಯ ತೇವ ತಾಗಿದರೆ ಅದರಿಂದ ಫಾಸ್ಫೀನ್ ಅನಿಲ ಬರುತ್ತದೆ. ಹುಳದ ಜೊತೆ ಮನುಷ್ಯರನ್ನೂ ಕೊಲ್ಲುತ್ತದೆ. ಹಲಗೆ ಗೋಡೆಯ ಸಂದುಗಳಿಂದ ಪಕ್ಕದ ಮನೆಗೂ ಹೋಗುತ್ತದೆ.

ಬಿರುಕು, ಸಂದು, ಬೂದಿ ಬಣ್ಣ

ಕಂಬದ ಮೇಲೆ ಉದ್ದಕ್ಕೆ, ನಾರಿನ ಜೊತೆಗೇ ಹೋಗುವ ಬಿರುಕು ಒಣಗುವಾಗ ಬರುವಂಥದ್ದು, ಸಾಮಾನ್ಯವಾಗಿ ಬಲ ಕುಂದುವುದಿಲ್ಲ. ಆದರೆ ತೊಲೆಯಲ್ಲಿ ಅಡ್ಡಕ್ಕೆ ಬಿದ್ದ ಬಿರುಕು, ಬೋಲ್ಟಿನ ತೂತಿನಿಂದ ತುದಿಯವರೆಗೆ ಸೀಳಿದ ಬಿರುಕು, ಜೋಡಣೆಗೆ ಕಚ್ಚು ಕೊಯ್ದ ಮೂಲೆಯಿಂದ ಹೊರಟ ಬಿರುಕು ಕಂಡರೆ ಕೆಳಗೆ ಆಸರೆ ಕೊಟ್ಟು ಬಡಿಗೇರರಿಗೆ ತೋರಿಸಿ. ಹಲಗೆಗಳ ನಡುವಿನ ಸಂದು ಬೇಸಿಗೆಯಲ್ಲಿ ಒಂದರಿಂದ ಮೂರು ಮಿ.ಮೀ. ತೆರೆಯುವುದು ಸಹಜ. ಅದಕ್ಕೆ ಪುಟ್ಟಿ ತುಂಬಬೇಡಿ, ಮಳೆಗಾಲಕ್ಕೆ ಹಲಗೆ ಹಿಗ್ಗಿ ಪುಟ್ಟಿಯನ್ನೂ ಉದುರಿಸಿ, ಪಕ್ಕದ ಹಲಗೆಯನ್ನೂ ಎಬ್ಬಿಸುತ್ತದೆ. ಬಿಸಿಲಿಗೆ ಕಟ್ಟಿಗೆ ಬೂದಿ ಬಣ್ಣಕ್ಕೆ ತಿರುಗುವುದು ದೋಷವೇ ಅಲ್ಲ. ವಾರ್ನಿಶ್ ಪೊರೆಯಂತೆ ಸುಲಿಯುತ್ತಿದ್ದರೆ ಅದರ ಹಿಂದೆ ನೀರು ಸೇರಿದೆ, ಕೆರೆದು ತೆಗೆದು ಎಣ್ಣೆಗೆ ಬದಲಾಯಿಸಿ. ಹಳೇ ಮನೆಯಿಂದ ತಂದ ಬಾಗಿಲಾದರೆ ಬಣ್ಣದಲ್ಲಿ ಸೀಸ ಇರಬಹುದು. ಒದ್ದೆ ಮಾಡಿ ಉಜ್ಜಿ, ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಇಡಿ.

ಗಾಳಿಗೆ ತಗಡು ಬಡಿಯುತ್ತದೆ

ಏಪ್ರಿಲ್-ಮೇ ತಿಂಗಳ ಅಡ್ಡಮಳೆಗೆ ಮುಂಚೆಯೇ ನೋಡಿ. ಗಾಳಿ ತಗಡನ್ನು ಕೆಳಗೆ ಒತ್ತುವುದಕ್ಕಿಂತ ಮೇಲೆ ಎತ್ತುವುದೇ ಜಾಸ್ತಿ, ಅದೂ ಮೂಲೆ ಮತ್ತು ಅಂಚಿನಲ್ಲಿ. ತಗಡು ಪಟ್ಟಿಗೆ, ಪಟ್ಟಿ ಜಂತಿಗೆ, ಜಂತಿ ತೊಲೆಗೆ, ತೊಲೆ ಕಂಬಕ್ಕೆ, ಕಂಬ ಕಲ್ಲಿಗೆ ಬಿಗಿದಿರಬೇಕು. ಒಂದು ಕಡೆ ಬರೀ ಮೊಳೆ ಇದ್ದರೂ ಅಲ್ಲೇ ಕಿತ್ತುಬರುತ್ತದೆ. ಮೊಳೆಯ ಜಾಗಕ್ಕೆ ಸ್ಕ್ರೂ, ಕಂಬದ ತಲೆಗೆ ಲೋಹದ ಪಟ್ಟಿ ಹಾಕಿಸಿ. ಗಾಳಿ ಎದ್ದ ಮೇಲೆ ತಗಡು ಹಿಡಿಯೋಕೆ ಹತ್ತಬೇಡಿ, ಖೋಲಿ ಬಿಟ್ಟು ಮನೆಯೊಳಗೆ ಬನ್ನಿ.

ತುಂಡು ಬದಲಿಸಬೇಕಾದರೆ

ಹೊಸ ಮರಕ್ಕಿಂತ ಮೊದಲು ಹಳೇ ಮನೆ ಕೆಡವಿದ ಕಟ್ಟಿಗೆ ಹುಡುಕಿ. ಹುಬ್ಬಳ್ಳಿ, ಧಾರವಾಡ, ಗದಗ ಊರುಗಳಲ್ಲಿ ಹಳೇ ತೊಲೆ, ಜಂತಿ ಸಿಗುತ್ತವೆ. ಪೂರ್ತಿ ಒಣಗಿದ ಸಾಗವಾನಿ, ಮತ್ತಿ ಮತ್ತೆ ತಿರುಚಿಕೊಳ್ಳುವುದು ಕಡಿಮೆ. ಕೊಳ್ಳುವ ಮುಂಚೆ ತುದಿ ನೋಡಿ, ಚೇಗು ಎಷ್ಟಿದೆ, ಬಿಳಿ ಎಷ್ಟಿದೆ ಅಂತ. ಸ್ಕ್ರೂಡ್ರೈವರ್ ಚುಚ್ಚಿ, ಒಳಗೆ ಮುರಿದ ಮೊಳೆ ಇದೆಯಾ ಅಂತ ಅಯಸ್ಕಾಂತ ಆಡಿಸಿ, ಇಲ್ಲದಿದ್ದರೆ ಗರಗಸದ ಹಲ್ಲು ಹಾರಿ ಕಣ್ಣಿಗೆ ಬರಬಹುದು. ಹಸಿ ನೀಲಗಿರಿ ಅಗ್ಗ ಸಿಗುತ್ತದೆ, ಆದರೆ ಒಣಗುವಾಗ ಹಗ್ಗ ಹೊಸೆದ ಹಾಗೆ ತಿರುಗುತ್ತದೆ, ಕಂಬಕ್ಕೆ ಬೇಡ. ನಿಮ್ಮದೇ ಹಿತ್ತಲದ ಮರ ಕಡಿಸುವುದಾದರೂ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಮರಗಳ ರಕ್ಷಣೆಗೆ ರಾಜ್ಯದಲ್ಲಿ 1976ರ ಕಾಯ್ದೆ ಇದೆ, ಬಹಳ ಜಾತಿಯ ಮರಗಳಿಗೆ ಅನುಮತಿ ಬೇಕು.

ಹೊಸ ತುಂಡನ್ನು ಅಂಟಿನಿಂದ ಕೂರಿಸದೆ ಸ್ಕ್ರೂ, ಬೋಲ್ಟಿನಿಂದ ಬಿಗಿಯಲು ಬಡಿಗೇರರಿಗೆ ಹೇಳಿ. ಆಗ ಮುಂದೆ ಅದೊಂದೇ ತುಂಡನ್ನು ಬಿಚ್ಚಿ ಬದಲಿಸಬಹುದು. ಜೋಡಿಸುವ ಮುಂಚೆ ಅದನ್ನು ಎರಡು ಮೂರು ವಾರ ಅದೇ ಖೋಲಿಯಲ್ಲಿ, ಗಾಳಿಯಾಡುವ ಹಾಗೆ ಪಟ್ಟಿಗಳ ಮೇಲೆ ಮಲಗಿಸಿಡಿ, ಕೊಯ್ದ ತುದಿಗಳಿಗೆಲ್ಲ ಎಣ್ಣೆ ಕುಡಿಸಿ, ಆಮೇಲೆ ಕೂರಿಸಿ.